ಹೂಂ ಅನ್ನುವವರು ಬೇಕು

ಮೈಕ್ ಕೆಲಸಕ್ಕೆ ಇಳಿದ ಹುಡುಗರು ಈಗಲೂ ಆಗೊಮ್ಮೆ ಈಗೊಮ್ಮೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಯಾವ ಸ್ಪೀಕರ್ ಒಳ್ಳೆಯದು, ಯಾವ ಕಂಪನಿಯ ಮಿಕ್ಸರ್ ತಗೊಳ್ಳೋಣ ಎಂದು ಕೇಳುತ್ತಾರೆ. ಅದೆಲ್ಲ ನನಗೆ ತಿಳಿಯದು. ನಾನು ಕಲಿತದ್ದು ವಾಲ್ವಿನ ಆಂಪ್ಲಿಫೈಯರ್ ಮೇಲೆ. ಸ್ವಿಚ್ ಹಾಕಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಒಲೆ ಹತ್ತಿಸಿದ ಹಾಗೆ, ಬೆಚ್ಚಗಾಗುವ ತನಕ ಕಾಯಬೇಕು. ಅಷ್ಟರಲ್ಲಿ ಸಭೆ ಕರೆದವರು ಬಂದು, ಏನಪ್ಪಾ ಕೆಟ್ಟು ಹೋಯಿತಾ ಎಂದು ಎರಡು ಸಲ ಕೇಳಿರುತ್ತಾರೆ. ನಿಮಗೆ ಆ ಕಾಯುವ ಕಷ್ಟವಿಲ್ಲ. ಆದರೆ ಆ ಕಾಯುವ ಹೊತ್ತಿನಲ್ಲಿ ನಾನು ಜನರನ್ನು ನೋಡುತ್ತಿದ್ದೆ. ಮಾತಾಡುವವರ ಮುಖ, ಕೇಳುವವರ ಮುಖ. ಕೆಲಸ ಹಿಡಿತಕ್ಕೆ ಬಂದದ್ದು ಅದರಿಂದಲೇ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಾಚಿಕೆಪಟ್ಟುಕೊಂಡು ಹೇಳುತ್ತಿಲ್ಲ. ಅಪ್ಪ ಸತ್ತರು, ದುಡಿಯಬೇಕಾಯಿತು, ದುಡಿದೆ. ನಂಜುಂಡ ಹಾಕಿದ ಮೈಕ್ ಸಭೆಯ ನಡುವೆ ಕೈಕೊಟ್ಟಿತು ಎನ್ನುವವರು ಜಯನಗರದಲ್ಲಿ, ಬಸವನಗುಡಿಯಲ್ಲಿ ಯಾರಾದರೂ ಇದ್ದರೆ ಎದುರಿಗೆ ಬಂದು ಹೇಳಲಿ. ಸೈಕಲ್ಲಿನ ಹಿಂದೆ ಆಂಪ್ಲಿಫೈಯರ್ ಕಟ್ಟಿ, ಹೆಗಲಿಗೆ ತುತ್ತೂರಿಯಂಥ ಹಾರ್ನ್ ಸ್ಪೀಕರ್ ತಗಲಿಸಿಕೊಂಡು ಈ ಕಡೆಯ ಊರೆಲ್ಲ ತುಳಿದಿದ್ದೇನೆ. ಆಗ ಜಯನಗರವೆಂದರೆ ಅಲ್ಲೊಂದು ಇಲ್ಲೊಂದು ಹೊಸ ಮನೆ, ನಡುವೆ ರಾಗಿ ಹೊಲ. ಬಿಟಿಎಂ ಲೇಔಟ್ ಎಂಬ ಹೆಸರನ್ನು ಯಾರೂ ಕೇಳಿರಲಿಲ್ಲ. ಸುದ್ದಗುಂಟೆಪಾಳ್ಯಕ್ಕೆ ಹೋಗಬೇಕಾದರೆ ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ನಡೆಯಬೇಕಿತ್ತು.

ನನ್ನ ಯಜಮಾನರು ಸುಬ್ಬಣ್ಣನವರು. ಸೌತ್ ಎಂಡ್ ಹತ್ತಿರ ಅವರ ಮೈಕ್ ಸೆಟ್ ಅಂಗಡಿ. ಅವರು ಕಲಿಸಿದ ಮಾತುಗಳಲ್ಲಿ ಒಂದು ಸರಿ, ಒಂದು ತಪ್ಪು. ಸರಿಯಾದದ್ದು ಇದು: “ಮೈಕ್ ಹಾಕೋನು ಜನಕ್ಕೆ ಕಾಣಿಸ್ಬಾರ್ದು, ಕೇಳಿಸ್ಬಾರ್ದು. ಕೆಮ್ಮು ಬಂದ್ರೂ ನುಂಗ್ಕೋ.” ತಪ್ಪಾದದ್ದು, ಎಂಥ ಸಭೆಯಾದರೂ ಒಂದು ಹಾರ್ನ್ ಬೀದಿಯ ಕಡೆ ತಿರುಗಿರಬೇಕು ಎನ್ನುವುದು. ಅದು ಅಂಗಡಿಯ ಜಾಹೀರಾತು ಎಂದು ಅವರ ಲೆಕ್ಕ. ಮದುವೆಮನೆಗೆ ಸರಿ. ಆದರೆ ಆ ಬೀದಿ ಹಾರ್ನಿನಿಂದ ಒಬ್ಬ ಹೆಂಗಸಿನ ಸಂಸಾರ ಮುರಿಯುವುದರಲ್ಲಿತ್ತು.

ಅವರು ಕಮಲಮ್ಮನವರು. ನಮ್ಮ ಬಡಾವಣೆಯ ಮಹಿಳಾ ಸಮಾಜದ ಕಾರ್ಯದರ್ಶಿ. ಪತ್ರಿಕೆಗಳಿಗೆ ಕಥೆ ಬರೆಯುತ್ತಿದ್ದರು, ಬೇರೆ ಹೆಸರಿನಲ್ಲಿ. ಮನೆಯಲ್ಲಿ ಗಂಡನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ತಿಂಗಳಿಗೊಂದು ಮಧ್ಯಾಹ್ನ, ಅಡುಗೆಮನೆ ಕೆಲಸ ಮುಗಿದ ಮೇಲೆ, ಬಡಾವಣೆಯ ಹೆಂಗಸರು ಒಂದು ಕಡೆ ಸೇರಿ ಕಥೆ ಹೇಳಬೇಕು ಎಂದು ಏರ್ಪಾಟು ಮಾಡಿದವರು ಅವರೇ. ಬರೆದವರು ಓದಬಹುದು, ಬರೆಯಲು ಬಾರದವರು ಬಾಯಲ್ಲಿ ಹೇಳಬಹುದು, ಯಾವ ಭಾಷೆಯಾದರೂ ಆಗಬಹುದು. ಸಮಾಜದ ಹಾಲ್ ಹಂಚಿನ ಮಾಡಿನದು. ಹೆಂಗಸರ ದನಿ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ, ಹಾಗಾಗಿ ಮೈಕ್. ಒಳಗೆ ಇರುವ ಒಬ್ಬನೇ ಗಂಡಸು ನಾನು. ಮೂಲೆಯಲ್ಲಿ ಒಂದು ಸ್ಕ್ರೀನ್ ಅಡ್ಡ ಇಟ್ಟು ಅದರ ಹಿಂದೆ ನನ್ನನ್ನೂ ಆಂಪ್ಲಿಫೈಯರನ್ನೂ ಕೂರಿಸುತ್ತಿದ್ದರು.

ಒಂದು ಸಲ ಕಮಲಮ್ಮ ತಮ್ಮದೇ ಕಥೆ ಓದಿದರು. ಸೊಸೆಯ ತಟ್ಟೆಗೆ ತುಪ್ಪ ಬಡಿಸುವಾಗ ಮಾತ್ರ ಕೈ ನಡುಗುವ ಅತ್ತೆಯ ಕಥೆ. ಒಳಗೆ ನಗುವೋ ನಗು. ಬೀದಿ ಹಾರ್ನ್ ಎರಡು ರಸ್ತೆ ಆಚೆಗೆ ಕೇಳುತ್ತಿತ್ತು. ಅಲ್ಲೇ ಅವರ ಮನೆ, ಜಗಲಿಯ ಮೇಲೆ ಅವರ ಅತ್ತೆ ಬತ್ತಿ ಹೊಸೆಯುತ್ತಾ ಕೂತಿದ್ದರು. ಸಂಜೆ ಕಮಲಮ್ಮನವರು ಮನೆಗೆ ಹೋದಾಗ ಮುದುಕಿ ಏನೂ ಕೇಳಲಿಲ್ಲವಂತೆ. ಊಟಕ್ಕೆ ಕೂತಾಗ ತುಪ್ಪದ ಗಿಂಡಿಯನ್ನೇ ಸೊಸೆಯ ತಟ್ಟೆಯ ಪಕ್ಕ ಇಟ್ಟು, “ನೀನೇ ಹಾಕ್ಕೊಳಮ್ಮ, ನನ್ನ ಕೈ ನಡುಗುತ್ತೆ” ಅಂದರಂತೆ. ಕಮಲಮ್ಮ ಆ ರಾತ್ರಿ ಅತ್ತು, ಇನ್ನು ಬರೆಯುವುದಿಲ್ಲ ಎಂದುಕೊಂಡರಂತೆ. ಆದರೆ ಮುಂದಿನ ತಿಂಗಳು ಆ ಅತ್ತೆ ಸೊಸೆಗಿಂತ ಮುಂಚೆ ಬಂದು ಮೊದಲ ಸಾಲಿನಲ್ಲಿ ಕೂತುಬಿಟ್ಟರು. ಈ ಸಲ ಯಾವ ಅತ್ತೆ ಎಂದು ಕೇಳಿದರು. ಆವತ್ತಿನಿಂದ ನಾನು ಬೀದಿ ಹಾರ್ನಿನ ತಂತಿ ತೆಗೆದಿಟ್ಟೆ. ಸುಬ್ಬಣ್ಣನವರು ಬೈದರು. ಬೈಸಿಕೊಂಡೆ.

ಅಲ್ಲಿ ಕಲಿತದ್ದು ನನಗೆ ಯಾವ ಶಾಲೆಯಲ್ಲೂ ಸಿಗುತ್ತಿರಲಿಲ್ಲ. ಒಬ್ಬ ತಮಿಳು ಮಾಮಿ ಬರುತ್ತಿದ್ದರು. ಕಾಗದ ನೋಡಿ ಓದುವವರು, ಮೈಕನ್ನು ಸೌಟು ಹಿಡಿದ ಹಾಗೆ ಹಿಡಿಯುತ್ತಿದ್ದರು, ಒಗ್ಗರಣೆ ಹಾಕುವಷ್ಟು ಹತ್ತಿರ. ಮಂಗಳೂರು ಕಡೆಯ ಕೊಂಕಣಿ ಟೀಚರಮ್ಮ ಒಬ್ಬರು ಹಾಜರಿ ಕೂಗುವ ದನಿಯಲ್ಲಿ ಕಥೆ ಹೇಳುತ್ತಿದ್ದರು, ಅವರಿಗೆ ಮೈಕೇ ಬೇಡ. ಕಮಲಮ್ಮನವರದು ದುಃಖದ ಜಾಗ ಬಂದಾಗ ಇಳಿಯುವ ದನಿ. ಇಳಿಯುವುದಕ್ಕೆ ಒಂದು ಗಳಿಗೆ ಮುಂಚೆ ನಾನು ಗುಂಡಿ ತಿರುಗಿಸಬೇಕು, ತಡವಾದರೆ ಮಾತು ಹೋಯಿತು, ಜಾಸ್ತಿಯಾದರೆ ಶಿಳ್ಳೆ ಬಂತು. ತಮಿಳು, ಕೊಂಕಣಿ ನನಗೆ ಎಲ್ಲ ಅರ್ಥವಾಗುತ್ತಿರಲಿಲ್ಲ. ಆದರೆ ಮುಂದೆ ದನಿ ಏರುತ್ತದೋ ಇಳಿಯುತ್ತದೋ ಎಂಬುದು ಉಸಿರಿನಲ್ಲೇ ತಿಳಿಯುತ್ತಿತ್ತು. ಎಲ್ಲ ಭಾಷೆಯಲ್ಲೂ ಅಳುವಿಗೆ ಮುಂಚಿನ ಉಸಿರು ಒಂದೇ. ಇದನ್ನು ಬರೆದಿಟ್ಟುಕೊಳ್ಳಿ.

ಈಗ ಮುನಿಯಮ್ಮನ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಬರೆಯಲು ಕೂತದ್ದೇ ಅವಳಿಗಾಗಿ.

ಮುನಿಯಮ್ಮ ಸುದ್ದಗುಂಟೆಪಾಳ್ಯದವಳು. ತಲೆಯ ಮೇಲೆ ಸೊಪ್ಪಿನ ಮಂಕರಿ ಹೊತ್ತು ಜಯನಗರದ ಮನೆಮನೆಗೆ ಬರುತ್ತಿದ್ದಳು. ದಂಟು, ಹರಿವೆ, ಸಬ್ಬಸಿಗೆ. ಕಮಲಮ್ಮನವರ ಹಿತ್ತಲಿನಲ್ಲಿ ಕೂತು ಸೊಪ್ಪು ಬಿಡಿಸಿಕೊಡುತ್ತಾ ಕಥೆ ಹೇಳುತ್ತಿದ್ದಳಂತೆ. ಓದು ಬರಹ ಇಲ್ಲ. ಕಮಲಮ್ಮ ಅವಳನ್ನು ಸಮಾಜದ ಹಾಲ್‌ಗೆ ಕರೆತಂದರು. ಮಂಕರಿಯನ್ನು ಬಾಗಿಲಲ್ಲಿ ಇಳಿಸಿ ಒಳಗೆ ಬಂದವಳು ನೆಲ ನೋಡಿ, ಇದು ನಮ್ಮ ಭಾವನ ಹುರುಳಿ ಹೊಲ ಇದ್ದ ಜಾಗ ಅಂದಳು. ಅವಳೇ ನಕ್ಕು, ಹುರುಳಿಗಿಂತ ಹೆಂಗಸರೇ ಚೆನ್ನಾಗಿ ಬೆಳೆದವ್ರೆ ಅಂದಳು.

ಮೈಕಿನ ಮುಂದೆ ನಿಲ್ಲಿಸಿದೆವು. ಅವಳು ಕೂರಬೇಕು ಅಂದಳು, ಸ್ಟ್ಯಾಂಡ್ ಇಳಿಸಿದೆ. ಶುರುಮಾಡಿದಳು. ಒಂದೂರಲ್ಲಿ ಒಬ್ಬ ತಾಯಿ, ಅವಳಿಗೆ ಒಬ್ಬಳೇ ಮಗಳು. ಮಗಳನ್ನು ಬೆಟ್ಟದಾಚೆ ಕೊಟ್ಟರು. ಎರಡು ಮೂರು ಮಾತು ಆಯಿತು, ನಿಲ್ಲಿಸಿದಳು. ಸಭೆಯನ್ನು ನೋಡಿದಳು. ಎಲ್ಲರೂ ಮರ್ಯಾದೆಯಿಂದ ಕೈಕಟ್ಟಿ ಸುಮ್ಮನೆ ಕೂತಿದ್ದರು. ಮುಂದುವರಿಸಮ್ಮ ಎಂದು ಕಮಲಮ್ಮ ಸನ್ನೆ ಮಾಡಿದರು. ಮತ್ತೊಂದು ಮಾತು ಹೇಳಿದಳು, ಮತ್ತೆ ನಿಲ್ಲಿಸಿದಳು. ಮೈಕ್ ಕೆಟ್ಟಿದೆಯೇನೋ ಎಂದು ಎಲ್ಲರೂ ನನ್ನ ಸ್ಕ್ರೀನಿನ ಕಡೆ ತಿರುಗಿದರು. ಮೈಕ್ ಸರಿಯಾಗಿಯೇ ಇತ್ತು.

“ಏನಾಯ್ತು ಮುನಿಯಮ್ಮ?” ಎಂದರು ಕಮಲಮ್ಮ.

“ಯಾರೂ ಹೂಂ ಅಂತಾನೇ ಇಲ್ಲವಲ್ಲವ್ವ. ಹೂಂ ನಿಂತ್ರೆ ಮಗ ಮಲಗೈತೆ ಅಂತ ಅರ್ಥ. ಮಲಗಿದೋರಿಗೆ ಕಥೆ ಹೇಳಿದ್ರೆ ಕಥೆ ಕೋಪ ಮಾಡ್ಕೊಂಡು ಹೊಂಟೋಯ್ತದೆ.”

ಹೆಂಗಸರು ನಕ್ಕರು. ನಗುವ ವಿಷಯವಲ್ಲ ಅದು. ನಮ್ಮ ಅಜ್ಜಿಯೂ ಹಾಗೇ ಹೇಳುತ್ತಿದ್ದಳು. ನನಗೆ ಗಂಟಲಲ್ಲಿ ಹೂಂ ಬಂದಿತ್ತು, ಸುಬ್ಬಣ್ಣನವರ ಪಾಠ ನೆನಪಾಗಿ ನುಂಗಿಕೊಂಡಿದ್ದೆ. ಕಮಲಮ್ಮ, ನಾನೇ ಹೂಂ ಅನ್ನುತ್ತೇನೆ ಎಂದು ಎದುರಿಗೆ ಕೂತರು. ಆದರೆ ಬರೆಯುವವರಲ್ಲವೇ, ಹೂಂ ಅನ್ನುವ ಬದಲು ಆಹಾ, ಛೆ, ಎಷ್ಟು ಚೆನ್ನಾಗಿದೆ ಅನ್ನುತ್ತಿದ್ದರು. ಮುನಿಯಮ್ಮನ ಓಟಕ್ಕೆ ಅದು ಗಾಡಿ ಗಾಲಿಗೆ ಕಲ್ಲು ಸಿಕ್ಕ ಹಾಗೆ. ಆಗ ಹಿಂದಿನ ಕಂಬದ ಬದಿಯಿಂದ ಒಂದು ಹೂಂ ಬಂತು. ಸಣ್ಣದು, ಸರಿಯಾದ ಜಾಗಕ್ಕೆ. ಮುನಿಯಮ್ಮ ಕಣ್ಣೆತ್ತಿ ನೋಡದೆ ಮುಂದೆ ಹೇಳಿದಳು. ಮತ್ತೊಂದು ಹೂಂ. ಕಥೆ ಹರಿಯಿತು.

ಹೂಂ ಅಂದವರು ಫಾತಿಮಾಬಿ. ಸಿದ್ದಾಪುರದಿಂದ ಬರುತ್ತಿದ್ದರು, ಮನೆಮನೆಯ ಹಳೆ ಸೀರೆ ತಗೊಂಡು ಕೌದಿ ಹೊಲಿದುಕೊಡುವವರು. ಕಮಲಮ್ಮ ಅವರನ್ನೂ ಕಥೆ ಹೇಳಲು ಬಹಳ ಸಲ ಕರೆದಿದ್ದರು. ಅವರು ಒಪ್ಪಿರಲಿಲ್ಲ. “ಹಗಲು ಹೊತ್ತು ಕಥೆ ಹೇಳಿದ್ರೆ ರಸ್ತೇಲಿ ಹೋಗೋರು ದಾರಿ ತಪ್ತಾರೆ ಅಮ್ಮಾ. ನಮ್ ಮನೆಯೋರು ಲಾರಿ ಓಡಿಸ್ತಾರೆ” ಎನ್ನುತ್ತಿದ್ದರು. ಹೇಳುವುದು ಬೇಡ, ಕೇಳುವುದಕ್ಕೆ ತಪ್ಪಿಲ್ಲ ಎಂದು ಬಂದು ಕಂಬದ ಹಿಂದೆ ಸೂಜಿ ದಾರ ಹಿಡಿದು ಕೂರುತ್ತಿದ್ದರು. ಅವರ ಮನೆಗಳಲ್ಲೂ ಕಥೆಗೆ ಹೂಂ ಬೇಕೇ ಬೇಕು. ಮುನಿಯಮ್ಮನ ಹಳ್ಳಿ ಕನ್ನಡ ಅವರಿಗೆ ಪೂರ್ತಿ ತಿಳಿಯುತ್ತಿತ್ತೋ ಇಲ್ಲವೋ, ಎಲ್ಲಿ ಹೂಂ ಬೇಕು ಎಂಬುದು ತಿಳಿಯುತ್ತಿತ್ತು.

ಆ ಕಥೆ ಹೀಗೆ. ಬೆಟ್ಟದಾಚೆ ಹೋಗುವ ಮಗಳ ಮಡಿಲಿಗೆ ತಾಯಿ ಕೆಂಪು ದಂಟಿನ ಬೀಜ ಕಟ್ಟುತ್ತಾಳೆ. ದಾರಿಯುದ್ದಕ್ಕೂ ಚೆಲ್ಲಿಕೊಂಡು ಹೋಗು, ಮಳೆ ಬಿದ್ದರೆ ತವರಿನ ದಾರಿ ಕೆಂಪಗೆ ಕಾಣುತ್ತದೆ ಅನ್ನುತ್ತಾಳೆ. ಮಳೆ ಬೀಳುತ್ತದೆ, ದಂಟು ಏಳುತ್ತದೆ. ಮಗಳು ಆ ಕೆಂಪು ದಾರಿ ಹಿಡಿದು ಹೊರಡುತ್ತಾಳೆ. ಅರ್ಧ ದಾರಿಯಲ್ಲಿ ಹೊಳೆ. ನೀರಿನ ಮೇಲೆ ಬೀಜ ಬಿತ್ತುವುದಕ್ಕಾಗುತ್ತದೆಯೇ? ದಾರಿ ಅಲ್ಲಿಗೆ ನಿಂತುಬಿಡುತ್ತದೆ.

ಅದಕ್ಕೆ ಮುಂದಿನದು ಏನೆಂದು ನಾನು ಬರೆಯುವುದಿಲ್ಲ. ಯಾಕೆಂದು ಆಮೇಲೆ ತಿಳಿಯುತ್ತದೆ.

ಕಮಲಮ್ಮನವರಿಗೆ ರೇಡಿಯೋದಲ್ಲಿ ಒಬ್ಬ ಅಧಿಕಾರಿಯ ಪರಿಚಯವಿತ್ತು. ಹೆಂಗಸರ ಕಥೆಗಳನ್ನು ಟೇಪಿನಲ್ಲಿ ಹಿಡಿದುಕೊಂಡು ಹೋಗಿ, ಸಂಜೆ ಹಳ್ಳಿಯವರಿಗಾಗಿ ಬರುವ ಕಾರ್ಯಕ್ರಮದಲ್ಲಿ ಹಾಕಲು ಅವರು ಒಪ್ಪಿದರು. ಸುದ್ದಿ ಕೇಳಿದ ದಿನ ಮುನಿಯಮ್ಮ ಮಂಕರಿ ಹೊತ್ತುಕೊಂಡೇ ನಮ್ಮ ಅಂಗಡಿಗೆ ಬಂದಳು. ಅವಳು ಯಾರನ್ನೂ ಏನೂ ಕೇಳುವವಳಲ್ಲ, ಅವತ್ತು ಕೇಳಿದಳು. ಪಂಚಾಯ್ತಿ ಕಟ್ಟೆಯ ರೇಡಿಯೋದಲ್ಲಿ ಇದು ಬರುತ್ತದಾ? ಬರುತ್ತದೆ ಅಂದೆ. ಕಗ್ಗಲೀಪುರದಾಚೆಗೂ ಬರುತ್ತದಾ? ಅಲ್ಲಿಗೂ ಬರುತ್ತದೆ ಅಂದೆ. ಮಂಕರಿ ಇಳಿಸಿ ಅಂಗಡಿ ಮೆಟ್ಟಿಲ ಮೇಲೆ ಕೂತಳು.

ಅವಳ ಒಬ್ಬಳೇ ಮಗಳು ರತ್ನ. ಕಗ್ಗಲೀಪುರದಾಚೆಯ ಹಳ್ಳಿಗೆ ಕೊಟ್ಟಿದ್ದರು. ಮದುವೆ ಊಟದಲ್ಲಿ ಬೀಗರ ಪಂಕ್ತಿಗೆ ಸಾರು ಸಾಲದೆ ಹೋಯಿತು. ಗಂಡಿನ ಅಪ್ಪ ಚಿಕ್ಕೇಗೌಡರು ಒಣ ಮುದ್ದೆಯ ಮುಂದೆ ಕೈಯೊಣಗಿಸಿಕೊಂಡು ಕೂತರು. ಎದ್ದು, ಇನ್ನು ಈ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ, ನಮ್ಮ ಮನೆಗೆ ಬಂದ ಹುಡುಗಿ ಈ ಹೊಸಿಲು ತುಳಿಯುವುದಿಲ್ಲ ಎಂದು ಹೇಳಿ ಗಾಡಿ ಹೊಡೆಸಿಕೊಂಡು ಹೋದರು. ಹೊರಗಿನವರಿಗೆ ನಗು ಬರಬಹುದು. ಬೀಗರ ಮಾನ ಸಾರಿನ ಪಾತ್ರೆಯಲ್ಲೇ ಇರುತ್ತದೆ, ಗೊತ್ತಿದ್ದವರಿಗೆ ಗೊತ್ತು. ರತ್ನ ಬಸುರಿಯಾದಾಗಲೂ ಕಳಿಸಲಿಲ್ಲ, ಬಾಣಂತನಕ್ಕೂ ಕಳಿಸಲಿಲ್ಲ. ಮುನಿಯಮ್ಮನ ಗಂಡ ಹೋಗಿ ಬಾಗಿಲಲ್ಲಿ ನಿಂತು ಬಂದ. ಅವನು ತೀರಿಕೊಂಡಾಗ ಮಣ್ಣಿಗೆ ಬಂದ ಬೀಗರು ಹೊರಗಿಂದ ಹೊರಗೇ ಹೋದರು. ಮೊಮ್ಮಗನ ಮುಖವನ್ನು ಅಜ್ಜಿ ನೋಡಿರಲಿಲ್ಲ.

“ಈ ಕಥೆ ಅವಳ್ದೇ ಕಣಪ್ಪ. ದಿನಾ ಇದನ್ನೇ ಹೇಳವ್ವ ಅನ್ನೋಳು. ಹೊಳೆ ತಾವ ಬರೋ ಹೊತ್ಗೆ ಹೂಂ ನಿಂತೋಗೋದು. ಒಂದಿನಾನೂ ಕೊನೆ ಕೇಳಿಲ್ಲ. ರೇಡಿಯದಾಗೆ ನನ್ ದನಿ ಕೇಳಿದ್ರೆ ನಮ್ಮವ್ವ ಬದುಕವ್ಳೆ ಅಂತನಾದ್ರೂ ತಿಳ್ಕಂತಾಳೆ.”

ಸುಬ್ಬಣ್ಣನವರು ಒಳಗಿನಿಂದಲೇ, ಲೋ ನಂಜುಂಡ, ಹೊಸ ಮೈಕ್ ತಗೊಂಡು ಹೋಗೋ ಅಂದರು. ಅದನ್ನು ಅವರು ಮಂತ್ರಿಗಳ ಸಭೆಗೆ ಬಿಟ್ಟು ಬೇರೆಲ್ಲಿಗೂ ಕೊಡುತ್ತಿರಲಿಲ್ಲ.

ರೆಕಾರ್ಡಿಂಗ್ ದಿನ ಅಧಿಕಾರಿಗಳು ದೊಡ್ಡ ಪೆಟ್ಟಿಗೆಯಂಥ ಟೇಪ್ ಯಂತ್ರ ತಂದರು. ಎರಡು ಸುರುಳಿ ತಿರುಗುವುದು. ನಮ್ಮ ಹೊಸ ಮೈಕ್ ನೋಡಿ ಚೆನ್ನಾಗಿದೆ ಎಂದರು, ಆದರೆ ತಮ್ಮದನ್ನೇ ಇಟ್ಟರು. ಅವರ ಕೆಲಸ ಅವರದು. ಬಾಗಿಲು ಕಿಟಕಿ ಮುಚ್ಚಿಸಿದರು. ಬಳೆ ಸದ್ದಾಗಬಾರದು, ಕೆಮ್ಮಬಾರದು, ಕೂಸುಗಳನ್ನು ಹೊರಗೆ ಕಳಿಸಿ ಎಂದರು. ಮಾಮಿ ಓದಿದರು, ಟೀಚರಮ್ಮ ಹೇಳಿದರು, ಎರಡೂ ಸಲೀಸಾಗಿ ಆದವು. ಮುನಿಯಮ್ಮ ಕೂತಳು. ಫಾತಿಮಾಬಿ ಕಂಬದ ಹಿಂದಿನಿಂದ ಹೂಂ ಅಂದರು. ಅಧಿಕಾರಿಗಳು ಕೈಯೆತ್ತಿ ಯಂತ್ರ ನಿಲ್ಲಿಸಿದರು.

ಕಥೆ ಹೇಳುವವರು ಒಬ್ಬರು ಎಂದು ಬರೆದುಕೊಂಡಿದ್ದೇವೆ, ಎರಡನೇ ದನಿ ಬರುವ ಹಾಗಿಲ್ಲ, ರೇಡಿಯೋ ಕೇಳುವವರಿಗೆ ಇದೇನೆಂದು ತಿಳಿಯುವುದಿಲ್ಲ, ಎಂದು ಸಮಾಧಾನವಾಗಿಯೇ ಹೇಳಿದರು. ಮುನಿಯಮ್ಮ ಆಗಲಿ ಅಂದಳು. ಮಗಳಿಗೋಸ್ಕರ ಹೂಂ ಇಲ್ಲದೆ ಹೇಳಲು ನೋಡಿದಳು. ಬೇರೆಯವರು ಕಥೆ ಓದಿದ ಹಾಗೆ ಹೇಳಿದಳು, ಗಿಳಿಪಾಠದ ಹಾಗೆ. ಮಡಿಲಿಗೆ ಬೀಜ ಕಟ್ಟುವ ಜಾಗಕ್ಕೆ ಬಂದು ನಿಂತುಬಿಟ್ಟಳು. ಮತ್ತೆ ಮೊದಲಿನಿಂದ ಶುರು. ಮತ್ತೆ ಅಲ್ಲಿಗೇ ನಿಂತಿತು. ಸ್ಕ್ರೀನಿನ ಹಿಂದಿನಿಂದ ಅವಳ ಉಸಿರು ನನಗೆ ಕೇಳುತ್ತಿತ್ತು, ಅದು ಅಳುವಿಗೆ ಮುಂಚಿನ ಉಸಿರು. ಅಧಿಕಾರಿಗಳು ಮರುಕದಿಂದಲೇ ಗಡಿಯಾರ ನೋಡಿ, ಇನ್ನೊಂದು ಸಲ ಬರ್ತೀವಿ ಬಿಡಿ ಅಂದರು. ಇನ್ನೊಂದು ಸಲ ಅಂದರೆ ಇಲ್ಲ ಎಂದು ಎಲ್ಲರಿಗೂ ಗೊತ್ತು.

ಆಗ ಎದ್ದವರು ಕಮಲಮ್ಮನ ಅತ್ತೆ. ಊರುಗೋಲು ಊರಿಕೊಂಡು ಯಂತ್ರದ ಹತ್ತಿರ ಹೋದರು.

“ಏನಪ್ಪಾ, ನಿನಗೆ ನಿಮ್ಮಮ್ಮ ಕಥೆ ಹೇಳಿದ್ಲೋ ಇಲ್ವೋ?”

“ಹೇಳಿದಾರೆ ಅಮ್ಮ.”

“ಸುಮ್ನೆ ಕೇಳಿದ್ಯಾ?”

ಅಧಿಕಾರಿಗಳು ಸ್ವಲ್ಪ ಹೊತ್ತು ಸುರುಳಿಯನ್ನು ಬೆರಳಲ್ಲಿ ತಿರುಗಿಸಿದರು. ಆಮೇಲೆ ತಾವೇ ಹೋಗಿ ಫಾತಿಮಾಬಿಗೆ ಮೈಕಿನ ಹತ್ತಿರ ಕುರ್ಚಿ ಹಾಕಿದರು. ಈಗ ಹೆದರುವ ಸರದಿ ಫಾತಿಮಾಬಿಯದು. ರೇಡಿಯೋದಲ್ಲಿ ತನ್ನ ದನಿ ಬಂದರೆ ಮನೆಯಲ್ಲಿ ಏನಂದಾರು? ಮುನಿಯಮ್ಮ ಅವರ ಕೈ ಹಿಡಿದು, “ಹೂಂ ಯಾರ್ದು ಅಂತ ಯಾರಿಗ್ ಗೊತ್ತಾದಾತು ಬುಡು ತಾಯಿ. ಹೂಂಗೆ ಜಾತಿ ಕುಲ ಐತಾ?” ಅಂದಳು. ಫಾತಿಮಾಬಿ ಬುರ್ಖಾ ಸರಿಮಾಡಿಕೊಂಡು ಕೂತರು. ಕಥೆ ಪೂರ್ತಿ ಆಯಿತು, ಹೊಳೆ, ಹೊಳೆಯ ಆಚೆ ದಡ, ಎಲ್ಲ. ಮುಗಿದ ಮೇಲೆ ಸುರುಳಿ ಇನ್ನೂ ತಿರುಗುತ್ತಲೇ ಇತ್ತು, ನಿಲ್ಲಿಸುವುದನ್ನು ಮರೆತಿದ್ದರು.

ಮನೆಗೆ ಹೋಗುವಾಗ ಕಮಲಮ್ಮ ನನ್ನೊಡನೆ ಒಂದು ಮಾತು ಆಡಿದರು. “ನಾನು ಇಷ್ಟು ವರ್ಷ ಬರೆದೆ ನಂಜುಂಡಪ್ಪ, ಯಾರಾದ್ರೂ ಹೂಂ ಅಂದ್ರೋ ಇಲ್ವೋ ಅಂತ ಗೊತ್ತೇ ಆಗ್ಲಿಲ್ಲ. ಕಾಗದ ಹೂಂ ಅನ್ನಲ್ಲ ನೋಡಿ.” ಅವತ್ತಿನಿಂದ ಅವರು ಬರೆದದ್ದನ್ನು ಪತ್ರಿಕೆಗೆ ಕಳಿಸುವ ಮುಂಚೆ ಹಿತ್ತಲಲ್ಲಿ ಮುನಿಯಮ್ಮನಿಗೆ ಓದಿ ಹೇಳುತ್ತಿದ್ದರು. ಹೂಂ ನಿಂತ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳುತ್ತಿದ್ದರು.

ಕಾರ್ಯಕ್ರಮ ಬರುವ ಸಂಜೆ ಸುಬ್ಬಣ್ಣನವರು ಅಂಗಡಿಯ ಮುಂದೆ ಮೇಜು ಹಾಕಿ ರೇಡಿಯೋ ಇಟ್ಟು, ಅದಕ್ಕೆ ನಮ್ಮ ಹಾರ್ನ್ ಜೋಡಿಸಿದರು. ಬೀದಿ ಹಾರ್ನ್ ಆವತ್ತು ಒಂದೇ ದಿನ ನನಗೆ ಒಪ್ಪಿಗೆಯಾಯಿತು. ಮುನಿಯಮ್ಮ ಬಂದಳು, ಕಮಲಮ್ಮನವರ ಮನೆಯವರೆಲ್ಲ ಬಂದರು, ಫಾತಿಮಾಬಿ ಸ್ವಲ್ಪ ದೂರದಲ್ಲಿ ನಿಂತರು. ದನಿ ಬಂತು. ಮುನಿಯಮ್ಮ ತನ್ನ ದನಿಗೆ ತಾನೇ ನಾಚಿ ಸೆರಗು ಬಾಯಿಗೆ ಇಟ್ಟುಕೊಂಡಳು. ಕೆಂಪು ದಂಟು ಎದ್ದಿತು, ಮಗಳು ಹೊರಟಳು, ಹೊಳೆ ಬಂತು.

“ಆಗ ಏನಾಯ್ತು ಅಂದ್ರೆ” ಎಂದಿತು ರೇಡಿಯೋ. ಹೂಂ ಅಂದರು ಫಾತಿಮಾಬಿ. ಅಲ್ಲಿಗೆ ಕಥೆ ನಿಂತು, ಒಂದು ಗಂಡು ದನಿ ಬೆಲ್ಲದ ಧಾರಣೆ ಹೇಳಲು ಶುರುಮಾಡಿತು.

ಹೊತ್ತು ಮುಗಿದಿತ್ತು, ಕತ್ತರಿಸಿದ್ದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಮಲಮ್ಮ ಅಲ್ಲೇ ಕೂತು ಅಧಿಕಾರಿಗಳಿಗೆ ಕಾಗದ ಬರೆಯುತ್ತೇನೆ ಎಂದರು. ಮುನಿಯಮ್ಮ ಮಾತ್ರ ಬೆಲ್ಲದ ಧಾರಣೆಯನ್ನು ಪೂರ್ತಿ ಕೇಳಿದಳು. ಮಂಡ್ಯ ಬೆಲ್ಲ ಎಷ್ಟು, ಕೋಲಾರದ್ದು ಎಷ್ಟು. ಆಮೇಲೆ ಎದ್ದು, ಮಂಕರಿ ಹೊರಲು ತಲೆಗೆ ಸಿಂಬಿ ಸುತ್ತಿಕೊಂಡಳು. “ಇರ್ಲಿ ಬುಡಿ. ಅವ್ಳು ಯಾವತ್ತು ಕೊನೆ ಕೇಳವ್ಳೆ, ಇವತ್ತು ಕೇಳಾಕೆ” ಎಂದು ಹೊರಟುಹೋದಳು. ಸಮಾಧಾನಕ್ಕೆ ಆಡಿದ ಮಾತು ಅದು. ಅವಳ ಹೆಜ್ಜೆ ನೋಡಿದರೆ ತಿಳಿಯುತ್ತಿತ್ತು.

ಕೆಲವು ದಿನ ಅವಳು ಸೊಪ್ಪು ತರಲಿಲ್ಲ. ಏನಾಯಿತೋ ನೋಡಿ ಬನ್ನಿ ಎಂದು ಕಮಲಮ್ಮ ನನ್ನನ್ನು ಸುದ್ದಗುಂಟೆಪಾಳ್ಯಕ್ಕೆ ಕಳಿಸಿದರು. ಸೈಕಲ್ ತಳ್ಳಿಕೊಂಡು ಹೋದೆ. ಮಧ್ಯಾಹ್ನದ ಬಿಸಿಲು. ಅವಳ ಮನೆಯ ಮುಂದಿನ ಹೊಂಗೆ ಮರದ ಕೆಳಗೆ ಒಂದು ಕಮಾನು ಗಾಡಿ ನಿಂತಿತ್ತು. ಜಗಲಿಯ ಅಂಚಿನಲ್ಲಿ, ಮನೆಗೆ ಬೆನ್ನು ಮಾಡಿ, ದೊಡ್ಡ ಪೇಟದ ಒಬ್ಬರು ಕೋಲು ಹಿಡಿದು ಕೂತಿದ್ದರು. ಪಕ್ಕದಲ್ಲಿ ಅವರದೇ ಬುತ್ತಿಯ ಗಂಟು, ಅವರದೇ ನೀರಿನ ತಂಬಿಗೆ.

ಚಿಕ್ಕೇಗೌಡರು.

ಬಂದ ಕಾರಣವನ್ನು ಅವರೇ ನನಗೆ ಹೇಳಿದರು, ಯಾರಿಗಾದರೂ ಹೇಳಬೇಕಿತ್ತು ಅನ್ನಿಸುತ್ತದೆ. ಅವತ್ತು ಪಂಚಾಯ್ತಿ ಕಟ್ಟೆಯಲ್ಲಿ ಇಡೀ ಊರು ಕೂತಿತ್ತು. ಗಂಡಸರು ಮುಂದೆ, ಹೆಂಗಸರು ಹಿಂದೆ. ಕಥೆ ಶುರುವಾದ ಕೂಡಲೇ ಹಿಂದಿನಿಂದ ಇವರ ಸೊಸೆ ಹೂಂ ಅಂದಳಂತೆ. ಮಾವನ ಎದುರಿಗೆ ತಲೆಯೆತ್ತದ ಹುಡುಗಿ, ರೇಡಿಯೋಗೆ ಎದುರಾಗಿ ಗಟ್ಟಿಯಾಗಿ ಹೂಂ ಅನ್ನುತ್ತಿದ್ದಾಳೆ. ಜನ ತಿರುಗಿ ನೋಡಿದರು. ನಕ್ಕರು. ಆಮೇಲೆ ನಗುವುದು ನಿಂತಿತು. ಹೊಳೆಯ ಹತ್ತಿರ ಬೆಲ್ಲ ಬಂದುಬಿಟ್ಟಿತು.

“ಅವತ್ತಿಂದ ಊರಾಗೆ ತಲೆ ಎತ್ತಂಗಿಲ್ಲ. ಕೊಟ್ಟಿಗೆತಾವ, ಬಾವಿತಾವ, ಎಲ್ಲೋದ್ರೂ ಒಂದೇ. ಗೌಡ್ರೆ, ನಿಮ್ ಬೀಗಿತ್ತಿ ಅಲ್ವಾ, ಹೊಳೆ ದಾಟಿದ್ಲಾ ಇಲ್ವಾ ಕೇಳ್ಕೊಂಡ್ ಬನ್ನಿ ಅಂತಾರೆ. ಕೇಳ್ಕೊಂಡು ಬಿಸ್ಲು ಇಳೀತಿದ್ದಂಗೆ ಹೊಂಡ್ತೀವಿ. ಬೇರೆ ಏನಿಲ್ಲ.” ಕೊನೆಯ ಮಾತನ್ನು ಒಳಗೆ ಕೇಳುವ ಹಾಗೆ ಜೋರಾಗಿ ಹೇಳಿದರು.

ಒಳಗೆ ರತ್ನ ಗೋಡೆಗೆ ಒರಗಿ ಕೂತಿದ್ದಳು, ಊಟವಾಗಿತ್ತು. ಮಗು ಅಜ್ಜಿಯ ತೊಡೆಯ ಮೇಲೆ. ಫಾತಿಮಾಬಿಯೂ ಅಲ್ಲಿದ್ದರು, ನನ್ನ ಹಾಗೆಯೇ ಮುನಿಯಮ್ಮನನ್ನು ವಿಚಾರಿಸಲು ಬಂದವರು, ಮೊಮ್ಮಗನಿಗೆ ಕಳಿಸಲೆಂದು ಹೊಲಿದಿಟ್ಟಿದ್ದ ಪುಟ್ಟ ಕೌದಿ ತಂದಿದ್ದರು. ನನ್ನನ್ನು ನೋಡಿ ಹೊಸಿಲ ಕಡೆ ಕಣ್ಣು ಹಾಯಿಸಿ ಮೆಲ್ಲಗೆ ಅಂದರು: “ನಾನು ಹೇಳ್ಲಿಲ್ವಾ ಅಣ್ಣ? ಹಗಲು ಕಥೆ ಹೇಳಿದ್ರೆ ದಾರೀಲಿ ಹೋಗೋರು ದಾರಿ ತಪ್ತಾರೆ. ನೋಡಿ, ಇವ್ರು ತಪ್ಪಿ ಎಲ್ಲಿಗೆ ಬಂದವ್ರೆ.”

ಮುನಿಯಮ್ಮ ಕಥೆ ಶುರುಮಾಡಿದಳು. ಮೈಕ್ ಇಲ್ಲ, ಹಾರ್ನ್ ಇಲ್ಲ. ಅಷ್ಟು ವರ್ಷದಲ್ಲಿ ಕೈಯಲ್ಲಿ ಗುಂಡಿ ಇಲ್ಲದೆ ನಾನು ಕಥೆ ಕೇಳಿದ್ದು ಅವತ್ತೇ. ರತ್ನ ಹೂಂ ಅನ್ನುತ್ತಿದ್ದಳು. ಫಾತಿಮಾಬಿ ಸುಮ್ಮನಿದ್ದರು, ಅದು ತಮ್ಮ ಕೆಲಸವಲ್ಲ ಎಂದು ಗೊತ್ತಿದ್ದವರ ಹಾಗೆ. ಗೌಡರು ಬೆನ್ನು ತಿರುಗಿಸಿಕೊಂಡೇ ಕೇಳುತ್ತಿದ್ದರು, ಆದರೆ ಕೋಲಿನಿಂದ ನೆಲ ಗೀಚುವುದನ್ನು ನಿಲ್ಲಿಸಿದ್ದರು. ಬೀಜ, ಮಳೆ, ಕೆಂಪು ದಾರಿ. ಹೂಂ. ಹೊಳೆ.

ಹೂಂ ಬರಲಿಲ್ಲ.

ಬೆಳಗಿನ ಜಾವ ಗಾಡಿ ಹತ್ತಿ ಬಂದ ದಣಿವು, ತವರಿನ ಊಟ. ರತ್ನ ಗೋಡೆಗೆ ತಲೆ ಕೊಟ್ಟು ನಿದ್ದೆ ಹೋಗಿದ್ದಳು. ಮುನಿಯಮ್ಮ ಮಗಳನ್ನೇ ನೋಡುತ್ತಾ ಕೂತಳು. ಇಷ್ಟು ವರ್ಷ ನುಂಗಿಕೊಂಡದ್ದು ನನ್ನ ಬಾಯಿಂದ ಬಂದೇಬಿಟ್ಟಿತು. ಹೂಂ ಅಂದೆ. ಮುನಿಯಮ್ಮ ಕೈ ಅಡ್ಡ ಆಡಿಸಿದಳು. “ನಿಂದಲ್ಲ ಕಣಪ್ಪ.”

ಹೊರಗಿನಿಂದ ಗೌಡರು ಕೇಳಿದರು. “ಆಮೇಲೆ?”

“ಮಗ ಮಲಗೈತೆ ಗೌಡ್ರೆ. ಮಲಗಿದಾಗ ಹೇಳಂಗಿಲ್ಲ.”

“ಎಬ್ಬಿಸು ಮತ್ತೆ.”

“ಎಬ್ಬಿಸ್ಬಾರ್ದು. ನಾಳೆ ಹೇಳ್ತೀನಿ.”

ಬಿಸಿಲು ಹೊಂಗೆ ಮರದ ಆ ಕಡೆಗೆ ಸರಿದಿತ್ತು. ಗೌಡರು ಎದ್ದು ಹೋಗಿ ಗಾಡಿಯಿಂದ ಹುಲ್ಲು ಇಳಿಸಿ ಎತ್ತುಗಳ ಮುಂದೆ ಹಾಕಿದರು. ತಿರುಗಿ ಬಂದು ಪೇಟ ತೆಗೆದು ಜಗಲಿಯ ಮೇಲೆ ಇಟ್ಟರು. ಈ ಸಲ ಮುಖ ಮನೆಯ ಕಡೆಗೆ ಮಾಡಿ ಕೂತರು.

“ರಾತ್ರಿಗೆ ಸಾರೇನು ಮಾಡ್ತೀಯವ್ವ?”

“ದಂಟಿನ ಸೊಪ್ಪಿಂದು,” ಎಂದಳು ಮುನಿಯಮ್ಮ. “ಸಾಲೋ ಹಂಗೆ ಮಾಡ್ತೀನಿ.”